ಮುಯ್ಯಿ ಹಾಜರಿ

ಕಾಲುವಿ ನೀರು ಬಂದ್ ಮಾಡಿದ್ರಂದ್ರ ಮೊದಲು ಗೊತ್ತಾಗೋದು ನನ್ನ ಗಿರಣಿಗೆ. ನಾಟಿ, ಕಳೆ, ಕೊಯ್ಲು ಅಂತ ಕೆಲಸ ಇದ್ದಾಗ ಹೆಣ್ಮಕ್ಕಳು ಡಬ್ಬಿ ತುಂಬ ಜ್ವಾಳ ತಂದು, "ಗೌಹರಕ್ಕಾ, ಲಗೂ ಬೀಸಿ ಕೊಡು, ಆಳಿನ ಗಾಡಿ ಹೋಗ್ತದ" ಅಂತ ಜೀವ ತಿಂತಾರ. ನೀರು ನಿಂತ ಮ್ಯಾಲ ಅದೇ ಡಬ್ಬಿ ಅರ್ಧ ತುಂಬಿ ಬರ್ತದ. ಗಡಬಡಿನೂ ಇರಲ್ಲ. ಹಿಟ್ಟಾದ ಮ್ಯಾಲೂ ಕಟ್ಟಿ ಮ್ಯಾಲ ಕುಂತು ಮಾತಾಡ್ತಾರ. ನಮ್ಮೂರು ಶಹಾಪುರಕ್ಕೂ ಸುರಪುರಕ್ಕೂ ನಡುವ, ಕಾಲುವಿಯ ಕಟ್ಟಕಡಿ. ನೀರಿದ್ರ ಕೂಲಿ, ಇಲ್ಲಂದ್ರ ಇಲ್ಲ.

ನಾನು ಗೌಹರಬೇಗಂ. ಗಿರಣಿ ಸಪ್ಪಳದಾಗ ಒದರಿ ಒದರಿ ನನಗ ಸಣ್ಣ ದನಿಯಾಗ ಮಾತಾಡಾಕೇ ಬರಲ್ಲ. ಕಿವ್ಯಾಗ ಗುಟ್ಟು ಹೇಳಿದ್ರೂ ಓಣಿಗೆಲ್ಲ ಕೇಳ್ತದ. ಅದಕ್ಕೇ ನಮ್ಮ ಸಂಘದವರು ಈ ಕಥಿ ಹೇಳಾಕ ನನಗೇ ಹಚ್ಚ್ಯಾರ. ಹಿಂದ ಕುಂತವರಿಗೂ ಕೇಳ್ತದಲ್ಲ?

ಆ ವರ್ಷ ನೀರು ನಿಂತ ಕೂಡ್ಲೇ ಸಂಘದ ಹೆಣ್ಮಕ್ಕಳೆಲ್ಲ ಕೂಡಿ ಪಂಚಾಯ್ತಿಗೆ ಹೋಗಿ ಉದ್ಯೋಗ ಖಾತ್ರಿ ಕೆಲಸ ಕೇಳಿ ಅರ್ಜಿ ಕೊಟ್ಟರು. ಅರ್ಜಿ ಕೊಟ್ಟು ಹದಿನೈದು ದಿನದಾಗ ಕೆಲಸ ಕೊಡಬೇಕು, ಕೊಡದಿದ್ರ ನಿರುದ್ಯೋಗ ಭತ್ಯೆ ಕೊಡಬೇಕು ಅಂತ ಕಾಯ್ದೆ. ಕೆರಿ ಹೂಳು ತೆಗೆಯಾಕ ನಾಕೈದು ಮಂದೀನ ಕರೆದರು. ಉಳಿದವರಿಗೆ ಕೆಲಸ ಬರಲಿಲ್ಲ. ಹದಿನೈದು ದಿನ ದಾಟಿತು. ಕೆಲಸ ಸಿಗದವರು ಭತ್ಯೆ ಕೇಳಿ ಮತ್ತ ಅರ್ಜಿ ಕೊಟ್ಟರು. ಅದೂ ಅಲ್ಲೇ ಬಿದ್ದಿತ್ತು.

ಹಿಂಗಿದ್ದಾಗ ಒಂದಿನ ಲಾಲಮ್ಮ ಗಿರಣಿಗೆ ಬಂದಳು. ಕೈಯಾಗ ಡಬ್ಬಿ ಇರಲಿಲ್ಲ. ಡಬ್ಬಿ ಇಲ್ದೆ ಗಿರಣಿಗೆ ಬಂದಾಳಂದ್ರ ಮನಸಿನಾಗ ಏನೋ ಅದ ಅಂತ ತಿಳ್ಕೋಬೇಕು. ನಾ ಬೆಲ್ಟ್ ಜಾರಿಸಿ ಗಿರಣಿ ನಿಂದರಿಸಿದೆ.

"ಏನವಾ, ಮಾರಿ ಯಾಕ ಸಣ್ಣ ಮಾಡಿ?"

"ಗೌಹರಕ್ಕಾ, ನಾವು ಪುಣೆಕ್ಕ ಹೊಂಟೀವಿ. ಸೋಮವಾರ ಮೇಸ್ತ್ರಿ ಗಾಡಿ ಬರ್ತದ."

"ಹುಚ್ಚಿ ಏನು ನೀನು? ಮಗಳನ್ನ ಚೊಚ್ಚಲ ಬಾಣಂತನಕ್ಕ ಕರ್ಕೊಂಡು ಬಂದೀದಿ. ಇವತ್ತೋ ನಾಳೆಯೋ ಅನ್ನಾಕತ್ತಾಳ. ನೀ ಪುಣೆಕ್ಕ ಹೋದ್ರ ಆಕಿ ಬಾಣಂತನ ಯಾರು ಮಾಡ್ತಾರ? ನಾ ಗಿರಣಿ ಬಂದ್ ಮಾಡಿ ಮಾಡ್ಲೇನು?"

ನಾ ಬೈದದ್ದಕ್ಕ ಲಾಲಮ್ಮ ಅಳಾಕ ಶುರು ಮಾಡಿದಳು. ನೀರು ಕೊಟ್ಟು ಕುಂದರಿಸಿದೆ. ಆಗ ಎಲ್ಲಾ ಹೇಳಿದಳು.

ಮುಂಜಾನೆ ಆಕಿ ಭತ್ಯೆ ಏನಾಯ್ತು ಅಂತ ಕೇಳಾಕ ಪಂಚಾಯ್ತಿಗೆ ಹೋಗಿದ್ದಳಂತ. ಅಲ್ಲಿ ಹೊಸ ಅಭಿವೃದ್ಧಿ ಅಧಿಕಾರಿ ನೀಲಕಂಠ ಸಾಹೇಬ್ರು ಕನ್ನಡಕದ ಮ್ಯಾಲಿಂದ ನೋಡಿ, "ಲಾಲಮ್ಮ ಅಂದ್ರ ನೀವೇನ್ರಿ? ಕೆರಿ ಕೆಲಸದಾಗ ಬುಟ್ಟಿ ಹೊತ್ತು ನನ್ನ ಮುಂದೇ ಹೋದ್ರಲ್ಲ! ನಿಮ್ಮ ಬುಟ್ಟಿ ಮಣ್ಣು ನನ್ನ ಅಂಗಿ ಮ್ಯಾಲ ಬಿದ್ದದ್ದು ನಾ ಮರೀತೀನೇನು? ಈಗ ಕೆಲಸನೇ ಸಿಗಲಿಲ್ಲ ಅಂತ ಭತ್ಯೆ ಕೇಳ್ತೀರಿ?" ಅಂದ್ರಂತ. ಲಾಲಮ್ಮ ಅಂಜಿ ಎದ್ದು ಬಂದುಬಿಟ್ಟಳು.

"ಖರೇ ಹೇಳು. ಕೆರಿ ಕೆಲಸಕ್ಕ ಹೋಗಿದ್ಯೋ ಇಲ್ಲೋ?"

"ಹೋಗಿದ್ದೆ. ಆದ್ರ ನನ್ನ ಹೆಸರಿಗೆ ಅಲ್ಲಕ್ಕಾ. ಶೇಖಮ್ಮನ ಮುಯ್ಯಿ ತೀರಸಾಕ ಹೋಗಿದ್ದೆ."

ನೋಡ್ರಿ, ಇಲ್ಲೇ ಇರೋದು ಗಂಟು. ನಮ್ಮ ಕಡೆ ಮುಯ್ಯಿ ಅಂದ್ರ ಸಣ್ಣ ಮಕ್ಕಳಿಗೂ ಗೊತ್ತು. ಇವತ್ತು ನೀ ನನ್ನ ಕೆಲಸಕ್ಕ ಬಾ, ನಾಳೆ ನಿನ್ನ ಕೆಲಸಕ್ಕ ನಾ ಬರ್ತೀನಿ. ರೊಕ್ಕ ಇಲ್ಲ, ಬರದಿಡೋದಿಲ್ಲ. ಲಾಲಮ್ಮನ ಗಂಡ ಹುಲಗಪ್ಪ ಕುರಿ ಸಾಕ್ಯಾನ. ಕುರಿ ಉಣ್ಣೆ ಕತ್ತರಿಸೋವಾಗ ನೆರಮನಿ ಶೇಖಮ್ಮ ಬಂದು ಸೊಂಟ ಮುರ್ಕೊಂಡು ಕೆಲಸ ಮಾಡಿದ್ದಳು. ಆಮ್ಯಾಲ ಕೆರಿ ಕೆಲಸಕ್ಕ ಶೇಖಮ್ಮನ ಹೆಸರು ಬಂತು. ಆಕಿ ತವರುಮನಿ ಶಿರವಾಳದಾಗ ಆಕಿ ಅವ್ವ ಜಾರಿ ಬಿದ್ದಿದ್ದಳು, ಆಕಿ ಅಲ್ಲಿಗೆ ಹೋಗ್ಯಾಳ. ಲಾಲಮ್ಮ ಏನು ಮಾಡಿದಳು? ಮುಯ್ಯಿ ತೀರಿಸ್ತೀನಿ ಅಂತ ಬುಟ್ಟಿ ತಗೊಂಡು ಕೆರಿಗೆ ನಡೆದಳು. ಹಾಜರಿ ಬರಿಯಾಂವ "ಶೇಖಮ್ಮ" ಅಂದ್ರ ಈಕಿ "ಹೂಂ" ಅಂದಳು. ಅವನೂ ನಮ್ಮೂರಾಂವೇ, ಮುಯ್ಯಿ ಆಳು ಬಂದಾಳ ಅಂತ ತಿಳ್ಕೊಂಡು ಬರಕೊಂಡ. ಕೂಲಿ ಶೇಖಮ್ಮನ ಖಾತೆಗೆ ಹೋಯ್ತು. ಯಾರ ಮನಸಿನಾಗೂ ಕಪಟ ಇಲ್ಲ.

ಅಷ್ಟರಾಗ ಮೌನಮ್ಮ ಬಂದಳು. ಹೋದ ಸಲ ಪಂಚಾಯ್ತಿ ಸದಸ್ಯೆ ಆಗಿದ್ದಾಕಿ, ಯಾದಗಿರಿಗೆ ಹೋಗಿ ತರಬೇತಿ ತಗೊಂಡು ಬಂದಾಕಿ. ಹೆಸರು ನೋಡಿ ಮೋಸ ಹೋಗಬ್ಯಾಡ್ರಿ. ಆಕಿ ಮಾತಿಗೆ ಕುಂತಳಂದ್ರ ನನ್ನ ಗಿರಣಿನೇ ಸುಮ್ನಾಗಬೇಕು.

ಎಲ್ಲಾ ಕೇಳಿ ಮೌನಮ್ಮ ಮೊದಲು ಕೇಳಿದ್ದು ಒಂದೇ ಮಾತು. "ಕೆಲಸ ಕೇಳಿ ಅರ್ಜಿ ಕೊಟ್ಟಾಗ ರಸೀದಿ ತಗೊಂಡಿ?"

"ತಗೊಂಡೀನಿ. ಮಸಾಲಿ ಡಬ್ಬ್ಯಾಗ ಇಟ್ಟೀನಿ."

"ತಾರೀಖು ಹಾಕ್ಯಾರ?"

"ಹಾಕ್ಯಾರ. ಖಾರಪುಡಿ ಹತ್ಯದ, ಆದ್ರ ತಾರೀಖು ಕಾಣ್ತದ."

"ಹಂಗಾರ ಅರ್ಧ ಗೆದ್ದಿ ಬಿಡು. ಉಳಿದ ಅರ್ಧಕ್ಕ ನಾಳೆ ಹೋಗಿ ಇದ್ದದ್ದು ಇದ್ದಂಗ ಹೇಳಬೇಕು, ಬರದು ಕೊಡಬೇಕು."

"ಯವ್ವಾ! ನಮ್ಮನಿಯವರು ಕಬೂಲ್ ಆಗಂಗಿಲ್ಲ."

"ಅವನಿಗೆ ನಾ ಹೇಳ್ತೀನಿ ನಡಿ," ಅಂದು ಮೌನಮ್ಮ ಎದ್ದೇಬಿಟ್ಟಳು. ನಾನೂ ಗಿರಣಿಗೆ ಕೀಲಿ ಜಡಿದು ಬೆನ್ನು ಹತ್ತಿದೆ. ಇಂಥಾದ್ದೆಲ್ಲ ಬಿಟ್ಟು ನಾ ಹಿಟ್ಟು ಬೀಸಿಕೋತ ಕುಂದರ್ತೀನೇನು?

ಹುಲಗಪ್ಪ ಅಂಗಳದಾಗ ಗಂಟು ಕಟ್ಟಾಕತ್ತಿದ್ದ. ಒಳಗ ಮಗಳು ಅಂಬವ್ವ ಗ್ವಾಡಿಗೆ ಒರಗಿ ಕುಂತು ಹುಣಸಿಕಾಯಿ ಕಡಿಯಾಕತ್ತಿದ್ದಳು. ಮೌನಮ್ಮ ವಿಷಯ ತೆಗೆದ ಕೂಡ್ಲೇ ಹುಲಗಪ್ಪ ಕೈ ಅಡ್ಡ ಹಿಡಿದ.

"ಬ್ಯಾಡಬೇ. ಸರಕಾರದ ಮುಂದ ತಾನಾಗೇ ಹೋಗಿ ತಪ್ಪಾಗ್ಯದ ಅಂತ ಹೇಳಿದಾವನ್ನ ನಾ ಕಂಡೇ ಇಲ್ಲ. ಹೇಳಿದ್ರ ಉದ್ಯೋಗ ಖಾತ್ರಿ ಕಾರ್ಡ್ ಕಸಗೊಂತಾರ. ಕೇಸ್ ಹಾಕ್ತಾರ. ಸುಮ್ನಿದ್ರ ಭತ್ಯೆ ಒಂದು ಹೋಗ್ತದ, ಹೋಗ್ಲಿ. ಪುಣೆದಾಗ ದುಡಿದು ತಿಂತೀವಿ."

"ಹುಲಗಪ್ಪಣ್ಣ, ನಿನ್ನ ಕುರಿ ಮಂದ್ಯಾಗ ಬ್ಯಾರೇದವರ ಕುರಿ ಸೇರಿ ಬಂತು ಅನ್ನು. ಏನ್ ಮಾಡ್ತಿ?"

"ಮಾಡೋದೇನು? ಮಾಲಕನ್ನ ಹುಡುಕಿ ಕೊಟ್ಟು ಬರ್ತೀನಿ."

"ನೀನಾಗೇ ಹೋಗಿ ಕೊಟ್ರ ಅವ ಏನಂತಾನ?"

"ಕುಂದರಿಸಿ ಚಾ ಕುಡಿಸ್ತಾನ."

"ನೀ ಸುಮ್ನಿದ್ದಿ. ಅವನೇ ಹುಡುಕ್ಕೋತ ಬಂದು ನಿನ್ನ ಮಂದ್ಯಾಗ ತನ್ನ ಕುರಿ ನೋಡಿದ. ಆಗ?"

ಹುಲಗಪ್ಪ ರುಮಾಲದೊಳಗ ಬೆರಳು ಹಾಕಿ ತಲಿ ತುರಿಸಿಕೊಂಡ. "ಕುರಿಗಳ್ಳ ಅಂತಾನ."

"ಕುರಿ ಅದೇ, ಮನಿಷ್ಯಾನೂ ನೀನೇ. ಗೊತ್ತಾಗದೆ ಆದ ತಪ್ಪು ಬ್ಯಾರೆ, ಗೊತ್ತಾದ ಮ್ಯಾಲೂ ಮುಚ್ಚಿಡೋದು ಬ್ಯಾರೆ. ಇವತ್ತು ಹೇಳಿದ್ರ ಅದು ತಪ್ಪು ತಿದ್ದಿದಂಗ. ನಾಳೆ ಅವರೇ ಹಿಡಿದ್ರ ಅದು ಮೋಸ."

ಹುಲಗಪ್ಪ ಮೆತ್ತಗಾದ. ಆದ್ರೂ ಗಂಟಿನ ಮ್ಯಾಲಿನ ಕೈ ತೆಗೀಲಿಲ್ಲ. ದನಿ ಇಳಿಸಿ ಖರೇ ಸಂಗತಿ ಹೇಳಿದ. "ಮೌನಮ್ಮಾ, ನಮ್ಮ ಅಂಬವ್ವನ್ನ ಕೊಟ್ಟಿದ್ದು ಶೇಖಮ್ಮನ ತಮ್ಮಗ. ಆಕಿ ನಮ್ಮ ಬೀಗರ ಮನಿ ಹೆಣ್ಮಗಳು. ಪಂಚಾಯ್ತಿಯಾಗ ಆಕಿ ಹೆಸರು ಎತ್ತಿದ್ರ ನಾಳೆ ನನ್ನ ಮಗಳಿಗೆ ಶಿರವಾಳದಾಗ ಏನಂದಾರು?"

ಆಗ ಒಳಗಿಂದ ಅಂಬವ್ವ ಅಂದಳು.

"ಯಪ್ಪಾ, ನೀ ಏನರ ಮಾಡು. ಯವ್ವ ಪುಣೆಕ್ಕ ಹೋದ್ರ ನಾ ಹಡಿಯಂಗಿಲ್ಲ ನೋಡು. ಆಕಿ ಬರೋ ತನಕ ಹಿಂಗೇ ಹಿಡ್ಕೊಂಡು ಕುಂದರ್ತೀನಿ."

ನಗು ತಡೀಲಾರದೆ ನಾನು, "ಏ ಹುಡುಗಿ, ಅದೇನು ಶೇಖಮ್ಮನ ಹಾಜರಿ ಏನು, ನಿನ್ನ ಬದ್ಲಿ ಇನ್ನೊಬ್ಬಾಕಿ ಹಡಿಯಾಕ?" ಅಂದೆ. ನನ್ನ ದನಿ ನಿಮಗ ಗೊತ್ತಲ್ಲ. ಓಣಿ ದಾಟಿ ಊರಬಾಗಲ ಅಗಸಿ ತನಕ ಹೋಯ್ತು.

"ನನ್ನ ಹೆಸರು ಯಾರು ಒದರಾಕತ್ತೀರಿ?" ಅಂತ ಬಾಗಲದಾಗ ಶೇಖಮ್ಮ! ಈಗಷ್ಟೇ ಶಿರವಾಳದಿಂದ ಬಸ್ ಇಳಿದು ಬಂದಾಳ, ಕೈಯಾಗ ಚೀಲ ಹಂಗೇ ಅದ. ಲಾಲಮ್ಮ ನೆಲ ನೋಡಿದಳು. ಹುಲಗಪ್ಪ ಗಂಟು ನೋಡಿದ. ಇನ್ನ ಮುಚ್ಚಿಡೋದೇನು ಅಂತ ಮೌನಮ್ಮ ಎಲ್ಲಾ ಬಿಚ್ಚಿ ಹೇಳಿದಳು.

ಶೇಖಮ್ಮ ಚೀಲ ಕೆಳಗಿಟ್ಟಳು. ಸೊಂಟದ ಮ್ಯಾಲ ಕೈ ಇಟ್ಟಳು. ನಾ ಅಂದ್ಕೊಂಡೆ, ಈಗ ಜಗಳ ಗ್ಯಾರಂಟಿ.

"ಅಲ್ಲಬೇ ಲಾಲಮ್ಮ," ಅಂದಳು, "ನನಗ ಒಂದ್ ಮಾತು ಕೇಳೋದು ಬಿಟ್ಟು ಪುಣೆಕ್ಕ ಗಂಟು ಕಟ್ಟೀಯಾ? ನನ್ನ ತಮ್ಮನ ಹೆಂಡ್ತಿ ಹಡಿಯೋವಾಗ ಆಕಿ ಅವ್ವ ಪುಣೆದಾಗ ಇಟ್ಟಂಗಿ ಹೊರ್ತಾಳ ಅಂದ್ರ ಶಿರವಾಳದಾಗ ನಾ ಮಾರಿ ತೋರಿಸಲೇನು? ನಾಳೆ ನಡಿ. ನನ್ನ ಹೆಸರು ನೀ ಹೇಳೋದೇನು, ನಾನೇ ಹೇಳ್ತೀನಿ."

ಲಾಲಮ್ಮ ಎದ್ದು ಆಕೀನ ಅಪ್ಪಿಕೊಂಡು ಮತ್ತ ಅತ್ತಳು. ಈ ಸಲ ಯಾರೂ ಬೈಲಿಲ್ಲ.

ಮರುದಿನ ನಾವೆಲ್ಲ ಪಂಚಾಯ್ತಿಗೆ ಹೋದ್ವಿ. ಹುಲಗಪ್ಪನೂ ಬಂದ, ಆದ್ರ ಒಳಗ ಬರಲಿಲ್ಲ, ಬೇವಿನ ಗಿಡದ ಕೆಳಗ ನಿಂತ. ಶೇಖಮ್ಮ ಸೀದಾ ಹೋಗಿ ಮೇಜಿನ ಮುಂದ ನಿಂತಳು.

"ಶರಣ್ರಿ ಸಾಹೇಬ್ರ. ಕೆರಿ ಕೆಲಸದಾಗ ಶೇಖಮ್ಮ ಅಂತ ಹೂಂ ಅಂದಾಕಿ ಈ ಲಾಲಮ್ಮ. ಖರೇ ಶೇಖಮ್ಮ ನಾನು. ಆವಾಗ ನಾ ಶಿರವಾಳದಾಗ ನಮ್ಮವ್ವನ ಕಾಲಿಗೆ ಎಣ್ಣಿ ತಿಕ್ಕಾಕತ್ತಿದ್ದೆ."

ನೀಲಕಂಠ ಸಾಹೇಬ್ರು ಕನ್ನಡಕ ತೆಗೆದ್ರು. ಒರಿಸಿ ಮತ್ತ ಹಾಕ್ಕೊಂಡ್ರು. "ಇದೇನ್ರಿ ಹೊಸಾದು?"

ಲಾಲಮ್ಮ ಅಂಜಿಕೋತ, ಮಾತು ನುಂಗಿಕೋತ ಮುಯ್ಯಿ ಸಂಗತಿ ಹೇಳಿದಳು. "ಮೋಸ ಮಾಡಬೇಕಂತ ಅಲ್ರಿ ಯಪ್ಪಾ. ಹೊಲದಾಗ ಹೆಂಗೋ ಹಂಗೇ ಅಂತ ತಿಳ್ಕೊಂಡೆ. ನಿಮ್ಮ ಅಂಗಿ ಮ್ಯಾಲ ಮಣ್ಣು ಕೆಡವಿದ್ದೂ ನಾನೇ."

ಸಾಹೇಬ್ರಿಗೆ ನಗು ಬಂತು. ತಡಕೊಂಡ್ರು. "ನಮ್ಮವ್ವನೂ ಮುಯ್ಯಿಗೆ ಹೋಗತಿದ್ಳು. ನನಗ ಗೊತ್ತದ. ಆದ್ರ ಹಾಜರಿ ಪಟ್ಟಿಗೆ ಮುಯ್ಯಿ ಗೊತ್ತಿಲ್ಲಬೇ. ಆ ಕೆರಿ ಏರಿ ಮ್ಯಾಲ ನೀ ಜಾರಿ ಬಿದ್ದು ಕಾಲು ಮುರಕೊಂಡಿದ್ರ? ಕೆಲಸದ ಜಾಗಾದಾಗ ಪೆಟ್ಟಾದ್ರ ಔಷಧ ಖರ್ಚು ಸರಕಾರ ಕೊಡ್ತದ. ಆದ್ರ ಪಟ್ಟ್ಯಾಗ ನೀ ಇಲ್ಲವೇ ಇಲ್ಲ. ಯಾರ ಕಾಲಿಗೆ ಔಷಧ ಕೊಡ್ಲಿ, ಶಿರವಾಳದಾಗ ಕುಂತಾಕಿ ಕಾಲಿಗೆ?"

ಈ ಮಾತು ನಮ್ಮ ಯಾರ ತಲಿಗೂ ಹೊಳೆದಿರಲಿಲ್ಲ. ಲಾಲಮ್ಮ ಬಾಯಿ ಮ್ಯಾಲ ಕೈ ಇಟ್ಕೊಂಡಳು.

ಆಮ್ಯಾಲ ಸಾಹೇಬ್ರು ಒಂದೊಂದೇ ಬಿಡಿಸಿ ಹೇಳಿದ್ರು. ಇಬ್ಬರೂ ಬ್ಯಾರೆ ಬ್ಯಾರೆ ಬರದು ಕೊಡಬೇಕು, ಯಾರು ಯಾವಾಗ ಎಲ್ಲಿದ್ರಿ ಅಂತ. ಲಾಲಮ್ಮ ದುಡಿದ ದಿನಕ್ಕ ಭತ್ಯೆ ಬರಂಗಿಲ್ಲ, ಉಳಿದದ್ದಕ್ಕ ಆಕಿ ಅರ್ಜಿ ಮುಂದ ಕಳಸ್ತೀನಿ. ಆ ದುಡಿಮಿ ಆಕಿ ಹೆಸರಿಗೆ ಸರಿಪಡಿಸಾಕ ಮ್ಯಾಲಿನವರಿಗೆ ಬರೀತೀನಿ. ಶೇಖಮ್ಮ ತನ್ನ ಖಾತೆಗೆ ಬಂದ ಕೂಲಿ ವಾಪಸ್ ಕಟ್ಟಬೇಕು. ಕರೆದಾಗ ಬರಲಿಲ್ಲ, ಬರಲ್ಲ ಅಂತ ಹೇಳಿ ಕಳಸಲೂ ಇಲ್ಲ, ಅದಕ್ಕ ಸದ್ಯಕ್ಕ ಆಕಿಗೆ ಭತ್ಯೆ ಇಲ್ಲ. ಕೆಲಸ ಮಾತ್ರ ಕೇಳಬಹುದು. ಹಾಜರಿ ಬರಿಯಾವನ್ನೂ ಕರೆಸಿ ಬುದ್ಧಿ ಹೇಳ್ತೀನಿ ಅಂದ್ರು.

"ಮತ್ತ ಕಾರ್ಡ್?" ಅಂತ ಕಿಡಕ್ಯಾಗಿಂದ ಒಂದು ದನಿ ಬಂತು. ಹುಲಗಪ್ಪ ಬೇವಿನ ಗಿಡ ಬಿಟ್ಟು ಯಾವಾಗಲೋ ಕಿಡಕಿಗೆ ಬಂದು ನಿಂತಿದ್ದ.

"ಕಾರ್ಡ್ ನಿಮ್ಮ ಮನ್ಯಾಗೇ ಇರ್ಲಿ ಯಜಮಾನ್ರ. ತಾವಾಗೇ ಬಂದು ಖರೇ ಹೇಳಿದವರ ಕಾರ್ಡ್ ತಗೊಂಡು ನಾ ಏನ್ ಮಾಡ್ಲಿ? ಒಳಗ ಬರ್ರಿ, ಚಾ ಹೇಳೀನಿ."

ಮೌನಮ್ಮ ಹುಲಗಪ್ಪನ ಕಡೆ ತಿರುಗಿ ಹುಬ್ಬು ಹಾರಿಸಿದಳು. ಕುರಿ ಕೊಟ್ಟಾವಗ ಚಾ ಬಂತೇ ಬಂತು.

ಲಾಲಮ್ಮಗ ಮಾತ್ರ ಜೀವ ತಡೀಲಿಲ್ಲ. "ಶೇಖಮ್ಮಾ, ನನ್ನ ಸಲುವಾಗಿ ನಿನಗ ಲುಕ್ಸಾನ್ ಆಯ್ತಲ್ಲೇ."

"ನಿನ್ನ ಸಲುವಾಗಿ ಯಾರು ಬಂದಾರ? ನನ್ನ ಅಳಿಯ ಹುಟ್ಟಾಂವ ಅದಾನ, ಅವನ ಸಲುವಾಗಿ ಬಂದೀನಿ. ದುಡಿಲಾರದ ರೊಕ್ಕ ಅದು, ಹೋಗ್ಲಿ."

ಬರದು ಕೊಟ್ಟ ಮ್ಯಾಲ ಮೌನಮ್ಮ, "ಇದಕ್ಕೂ ತಾರೀಖು ಹಾಕಿ ರಸೀದಿ ಕೊಡ್ರಿ" ಅಂದಳು.

"ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ?"

"ನಂಬಿಕಿ ಭಾಳ ಅದ್ರಿ. ನಿಮಗ ನಾಳೆ ವರ್ಗ ಆದ್ರ?"

ಸಾಹೇಬ್ರು ನಕ್ಕೋತ ರಸೀದಿ ಬರದ್ರು. ಶೇಖಮ್ಮ ನಡುವೇ ಬಾಯಿ ಹಾಕಿ, "ಭತ್ಯೆ ಇರ್ಲಿ, ನಮಗ ಕೆಲಸ ಬೇಕ್ರಿ. ಕೈಕಾಲು ಗಟ್ಟಿ ಅದಾವ. ಕಾಲುವಿ ಒಣಗ್ಯದ, ಮರಿಗಾಲುವಿ ಹೂಳು ತೆಗಿಸಾಕ ಇದಕ್ಕಿಂತ ಒಳ್ಳೆ ಟೈಮ್ ಯಾವಾಗ?" ಅಂದಳು. ಸಾಹೇಬ್ರು ಅದನ್ನೂ ಬರಕೊಂಡ್ರು.

ಇಷ್ಟಾದ್ರೂ ಸೋಮವಾರ ಬಂದೇ ಬಂತು, ಮೇಸ್ತ್ರಿ ಗಾಡಿನೂ ಬಂತು. ಅಗಸಿ ಮುಂದ ನಿಂತು ಹಾರ್ನ್ ಹೊಡೆಯಾಕತ್ತು. ಭತ್ಯೆ ಇನ್ನೂ ಬಂದಿಲ್ಲ, ಕೆಲಸದ ಸುದ್ದಿ ಇಲ್ಲ. ಹುಲಗಪ್ಪ ಗಂಟು ಹೊತ್ತು ಗಾಡಿ ಹತ್ರ ನಿಂತಾನ. ಲಾಲಮ್ಮ ಒಂದು ಸಲ ಗಾಡಿ ನೋಡ್ತಾಳ, ಒಂದು ಸಲ ಮನಿ ಬಾಗಲದಾಗ ನಿಂತ ಮಗಳನ್ನ ನೋಡ್ತಾಳ. ನನಗ ನೋಡಾಕಾಗದೆ ಗಿರಣಿ ಒಳಗ ಹೋದೆ.

ಆಗ ಹಾಜರಿ ಬರಿಯಾಂವ ಸೈಕಲ್ ತುಳಕೋತ ಬಂದು, "ಗೌಹರಕ್ಕಾ, ನಾಳೆಯಿಂದ ಮರಿಗಾಲುವಿ ಕೆಲಸ ಚಾಲೂ! ಹೆಸರು ಹೇಳ್ತೀನಿ, ಜರಾ ಒದರು" ಅಂದ. ಜರಾ ಅಂತ! ನಾ ಕಟ್ಟಿ ಮ್ಯಾಲ ಹತ್ತಿ ಉಸಿರು ತುಂಬ ತಗೊಂಡು ಒದರಿದೆ. "ಲಾಲಮ್ಮಾ, ಹುಲಗಪ್ಪನ ಹೆಂಡ್ತಿ ಲಾಲಮ್ಮಾ! ಮರಿಗಾಲುವಿ ಕೆಲಸ ಬಂದದ!"

ಅಗಸ್ಯಾಗಿಂದ ತಿರುಗಿ ದನಿ ಬಂತು. "ಹೂಂ! ನಾನೇ ಅದೀನಿ! ಖರೇ ಲಾಲಮ್ಮನೇ ಅದೀನಿ!"

ಮಂದಿ ನಗಾಕ ಹತ್ತಿದ್ರು. ಹುಲಗಪ್ಪ ಗಂಟು ಕೆಳಗ ಇಳಿಸಿದ. ಗಾಡಿ ಅವರನ್ನ ಬಿಟ್ಟು ಹೋಯ್ತು.

ಭತ್ಯೆ ಅಷ್ಟು ಲಗೂ ಬರಲಿಲ್ಲ, ಸುಳ್ಳು ಯಾಕ ಹೇಳ್ಲಿ? ಮ್ಯಾಲಿನ ಕಚೇರಿಗೆ ಹೋಗಿ ನಿಂತಿತ್ತು. ಕುಂತು ಶಾಪ ಹಾಕಿದ್ರ ಕಾಗದ ನಡೀತದೇನು? ಮೌನಮ್ಮ ನಾಕು ಮಂದೀನ ಕರ್ಕೊಂಡು ಹೋಗಿ ಎಲ್ಲಿ ನಿಂತದ, ಯಾಕ ನಿಂತದ ಅಂತ ಸಮಾಧಾನದಿಂದ ಕೇಳಿದಳು. ಭತ್ಯೆ ಕೇಳಿದವರಾಗ ಇಬ್ಬರ ಪಾಸ್‌ಬುಕ್ ನಕಲು ಹಚ್ಚಿರಲಿಲ್ಲ. ಹಚ್ಚಿ ಬಂದ್ರು. ಮತ್ತೊಂದು ಸಲ ಹೋಗಿ ಕೇಳಿದ್ರು. ಕಡೀಕ ಬಂತು, ಕೆಲಸ ಸಿಗದವರಿಗೆಲ್ಲ ಬಂತು. ಲಾಲಮ್ಮ ಅದರಾಗ ಬಾಣಂತಿ ಉಂಡಿಗೆ ಕೊಬ್ರಿ, ಅಂಟು, ತುಪ್ಪ ತಂದಳು.

ಅಷ್ಟರಾಗ ಅಂಬವ್ವ ಹಡೆದಿದ್ದಳು. ಅಳಿಯ ಅಲ್ಲ, ಸೊಸಿ! ಗುಂಡನ ಮಾರಿ, ತಲಿ ತುಂಬ ಕೂದಲು, ಅತ್ತರ ನನ್ನ ಗಿರಣಿಗೇ ಸವಾಲು. ತೊಟ್ಟಿಲಕ್ಕ ಹಾಕೋ ಹೊತ್ತಿಗೆ ಕಾಲುವಿಗೆ ನೀರೂ ಬಂದಿತ್ತು. ಹೂಳು ತೆಗೆದ ಮರಿಗಾಲುವ್ಯಾಗ ನೀರು ಸಳಸಳ ಹರಿದು ನಮ್ಮ ಕಟ್ಟಕಡಿ ಹೊಲಕ್ಕ ಮುಟ್ಟಿತ್ತು. ಓಣಿಗೆಲ್ಲ ಹೋಳಿಗಿ ವಾಸನಿ.

ಹೆಸರಿಡೋದು ಸೋದರತ್ತಿ ಕೆಲಸ. ಶೇಖಮ್ಮ ಹೊಸ ಸೀರಿ ಉಟ್ಟು ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವ್ಯಾಗ ಹೆಸರು ಹೇಳಿದಳು. ಹೇಳಿದ್ದೇ ತಡ, ಸುತ್ತ ನಿಂತ ಹೆಣ್ಮಕ್ಕಳು ಆಕಿ ಬೆನ್ನಿಗೆ ಗುದ್ದಾಕ ಹತ್ತಿದ್ರು. ಇದು ನಮ್ಮ ಕಡಿ ಪದ್ಧತಿ, ಹೆಸರಿಟ್ಟಾಕಿಗೆ ಗುದ್ದು ತಪ್ಪಿದ್ದಲ್ಲ. ಮರಿಗಾಲುವಿ ಮಣ್ಣು ಹೊತ್ತ ಕೈ ಅವು, ಕೇಳಬೇಕೇನು?

"ಯಪ್ಪೋ, ಸತ್ತೆ!" ಅಂದಳು ಶೇಖಮ್ಮ. "ಲಾಲಮ್ಮಾ, ಇತ್ತ ಬಾರೇ! ಅರ್ಧ ಗುದ್ದು ನೀ ತಿನ್ನು, ಮುಯ್ಯಿ ತೀರಸ್ತೀನಿ!"

ಲಾಲಮ್ಮ ಉತ್ತರ ಕೊಡೋದ್ರಾಗ ಅಂಗಳದಿಂದ ಹುಲಗಪ್ಪನ ದನಿ ಬಂತು. "ಆಗಂಗಿಲ್ಲ! ಆಗಂಗಿಲ್ಲ! ಯಾರ ಹಾಜರಿ ಅವರೇ ಹಾಕಬೇಕು!"

ನಕ್ಕು ನಕ್ಕು ನನ್ನ ಹೊಟ್ಟಿ ಹುಣ್ಣಾಯ್ತು. ಗುದ್ದು ತಿನ್ನಾಕ ಮಾತ್ರ ಯಾರೂ ಮುಯ್ಯಿಗೆ ಬರಲಿಲ್ಲ.

ಅಕ್ಕಗಳಿರಾ, ಅಣ್ಣಗಳಿರಾ, ಕೇಳಿದ್ರಲ್ಲ? ಮುಯ್ಯಿ ಬಿಡ್ರಿ ಅಂತ ನಾ ಹೇಳಾಕತ್ತಿಲ್ಲ. ಹೊಲದಾಗ ಇರ್ಲಿ, ಕುರಿಹಟ್ಟ್ಯಾಗ ಇರ್ಲಿ, ಬಾಣಂತನದಾಗ ಇರ್ಲಿ. ಸರಕಾರಿ ಹಾಜರಿಯಾಗ ಬ್ಯಾಡ. ಕೆಲಸ ಬಾಯಿಲೆ ಕೇಳಬ್ಯಾಡ್ರಿ, ಬರದು ಕೊಟ್ಟು ತಾರೀಖಿನ ರಸೀದಿ ಕೇಳಿ ತಗೋರ್ರಿ. ಹೋಗಾಕ ಆಗದಿದ್ರ ಮೊದಲೇ ಹೇಳಿ ಕಳಸ್ರಿ. ಭತ್ಯೆ ತಡ ಆದ್ರ ಮನ್ಯಾಗ ಕುಂತು ಬೈಕೋಬ್ಯಾಡ್ರಿ, ನಾಕು ಮಂದಿ ಕೂಡಿ ಹೋಗಿ ಎಲ್ಲಿ ನಿಂತದ ಅಂತ ಕೇಳ್ರಿ. ತಿಳೀದೆ ತಪ್ಪಾಗಿದ್ರ ಅಂಜಿ ಗಂಟು ಕಟ್ಟಬ್ಯಾಡ್ರಿ. ಇವತ್ತೇ ಹೋಗಿ ಹೇಳ್ರಿ. ಒಬ್ಬರೇ ಹೋಗಾಕ ಧೈರ್ಯ ಇಲ್ಲಂದ್ರ ನನ್ನನ್ನ ಕರೀರಿ, ಗಿರಣಿಗೆ ಕೀಲಿ ಜಡಿದು ಬರ್ತೀನಿ.

ಮತ್ತ ನಿಮ್ಮ ಹೆಸರು ಕರದಾಗ, ನೀವೇ ಹೂಂ ಅನ್ರಿ.